ಬೂದಿದಿಬ್ಬಗಳೂ ಗೊಬ್ಬರದ ಪೂರ್ವೇತಿಹಾಸವೂ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ವಳಕಮದಿನ್ನಿಯಂತೆ ‘ದಿನ್ನಿ’ ಎಂದು ಮುಗಿಯುವ ಊರುಹೆಸರುಗಳು ಹಲವುಂಟು. ದಿನ್ನೆಯೆಂದರೆ ಎತ್ತರದ ನೆಲ. ಹೆಸರುಮಾತ್ರದಿಂದ ಅಲ್ಲೆಲ್ಲ ಪ್ರಾಚೀನಾವಶೇಷಗಳಿವೆಯೆಂದು ನಿರ್ಣಯಿಸಲಾಗದು. ಆದರೆ ಈ ಸೀಮೆಯಲ್ಲಿಯೂ ನೆರೆಯ ಬಳ್ಳಾರಿ, ಸುರಪುರ ಪ್ರಾಂತಗಳಲ್ಲಿಯೂ ಮನುಷ್ಯರೇ ಒಟ್ಟಿದ ದಿಬ್ಬಗಳಿರುವುದು ನಿಶ್ಚಿತ. ಇವೇ ಬೂದಿದಿಬ್ಬಗಳು. ಗೊಬ್ಬರದ ಚರಿತ್ರೆಯನ್ನು ಇವುಗಳಿಂದಲೇ ಆರಂಭಿಸುವುದು ಯುಕ್ತ.

ಹಂಪೆಯ ಬಳಿಯ ನಿಂಬಾಪುರದ ಬೂದಿಯನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬಿದ್ದರು. ನ್ಯೂಬೋಲ್ಡನು ೧೮೪೩ರಲ್ಲಿ ಇಂತಹ ದಿಬ್ಬಗಳ ವಿಷಯವಾಗಿ ಬರೆದನು. ಇವು ಸುಟ್ಟ ಸೆಗಣಿಯ ರಾಶಿಗಳೆಂದು ರಾಬರ್ಟ್ ಬ್ರೂಸ್ ಫೂಟನು ಊಹಿಸಿದನು. ಮುಂದೆ ಝೋಯ್ನರನ ಪರೀಕ್ಷೆಯಿಂದ ಆ ಊಹೆ ಸ್ಥಿರಪಟ್ಟಿತು. ಆಲ್ಚಿನ್ನನು ಉತ್ನೂರಿನಲ್ಲಿ ಅಗೆದಾಗ ದೊಡ್ಡಿಯ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತುವು. ದೊಡ್ಡಿಯಲ್ಲಿ ಕೂಡಿದ ಸೆಗಣಿಯನ್ನು ಆಗಾಗ ಸುಡುತ್ತಿದ್ದರೆಂಬುದು ಅವನ ಮತ. ಬೂದಿಹಾಳದಲ್ಲಿ ಅಗೆದ ಕೆ. ಪದ್ದಯ್ಯನವರಾದರೋ ಇವು ಸ್ಥಿರವಾದ ಊರಿನವರು ಸೆಗಣಿಯನ್ನು ಒಟ್ಟಿ ಸುಟ್ಟ ರಾಶಿಗಳೆಂದು ತೋರಿಸಿದರು. ಕಾಲವು ಕ್ರಿ. ಪೂ. ಮೂರನೆಯ ಮತ್ತು ಎರಡನೆಯ ಸಹಸ್ರಮಾನಗಳು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲಣ ಗೂಳಿಗಳ ಚಿತ್ರಗಳೂ ಆ ಜನರ ಪಶುಪ್ರೀತಿಗೆ ಸಾಕ್ಷಿಯಾಗಿವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಜನರು ಕೇವಲ ಗೋಪಾಲಕರಲ್ಲ. ಕೊರಲೆ, ಹುರುಳಿ, ಹೆಸರುಗಳ ಕರಿದ ಕಾಳುಗಳು ಅವರ ನೆಲೆಗಳಲ್ಲಿ ದೊರೆತಿವೆ. ಬೇಸಾಯವನ್ನು ಬಲ್ಲವರು ಇಷ್ಟೊಂದು ಸೆಗಣಿಯನ್ನು ಹೊಲಕ್ಕೆ ಹಾಕದೆ ಸುಟ್ಟುದೇಕೆ? ಸುಟ್ಟರೆ ಸಾರಜನಕವೂ ಮಣ್ಣನ್ನು ಮೃದುವಾಗಿಡುವ ಸಾವಯವಾಂಶವೂ ಹೋಗಿ, ರಂಜಕ, ಸುಣ್ಣ ಮುಂತಾದ ಖನಿಜಗಳು ಉಳಿಯುತ್ತವೆ. ಭೂಮಿ ಹೇರಳವಾಗಿ ಜನ ವಿರಳವಾಗಿದ್ದಾಗ ಹೊಸ ನೆಲವನ್ನು ಉಳುವುದು ಸುಲಭ. ಗೊಬ್ಬರದ ಅವಶ್ಯಕತೆ ಆಗ ತೋರದಿದ್ದಿರಬಹುದು. ಸುಡುವುದರಲ್ಲಿ ಆಚರಣೆಯ ಉದ್ದೇಶವೂ ಇದ್ದಿರಬಹುದು. ಹೇಗಾದರೂ, ಸೆಗಣಿಯನ್ನು ಹೊಂದಿರುವುದು ಬೇರೆ, ಅದನ್ನು ಗೊಬ್ಬರವೆಂದು ಎಣಿಸುವುದು ಬೇರೆ. ಗೊಬ್ಬರವು ಒಂದು ವಸ್ತುವಲ್ಲ, ಒಂದು ವಿವೇಕ.

ಆ ವಿವೇಕವು ಕಾಲಕ್ರಮದಲ್ಲಿ ಬೆಳೆಯಿತು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ೧೧ನೆಯ ಶತಮಾನದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನ ದೊರೆತುದು, ಸಸ್ಯಪೋಷಣೆಯ ವಿದ್ಯೆ ಕನ್ನಡ ಶಾಸ್ತ್ರಗ್ರಂಥದ ವಿಷಯವಾಗಿತ್ತೆಂಬುದಕ್ಕೆ ಪ್ರಮಾಣ. ಗ್ರಂಥದ ಹೊರಗೆ ತಿಪ್ಪೆಗುಂಡಿಯೂ, ಕುರಿಯ ಹಿಂಡನ್ನು ರಾತ್ರಿ ಹೊಲದಲ್ಲಿ ತಂಗಿಸುವ ಪದ್ಧತಿಯೂ ಅದನ್ನೇ ಬಾಳಿಸಿಕೊಂಡು ಬಂದುವು. ೧೯೫೩ರಲ್ಲಿ ತುಂಗಭದ್ರೆಯ ಜಲಾಶಯದ ನೀರು ಹರಿಯತೊಡಗಿದ ಮೇಲೆ ಸಿಂಧನೂರಿನ ಎರೆಭೂಮಿಗಳಲ್ಲಿ ಭತ್ತವೂ ರಾಸಾಯನಿಕ ಗೊಬ್ಬರವೂ ಬಂದುವು. ಜೌಗೂ ಚೌಳೂ ಕೆಲವೆಡೆ ಹಿಂಬಾಲಿಸಿದುವು.

ಕಡೆಯದಾಗಿ ಒಂದು ವಿಚಿತ್ರ. ಹಲವು ಬೂದಿದಿಬ್ಬಗಳ ಮೆತ್ತನೆಯ ಬೂದಿಯನ್ನು ರೈತರು ಗೊಬ್ಬರವೆಂದು ಬಂಡಿಗಳಲ್ಲಿ ಹೊಲಗಳಿಗೆ ಸಾಗಿಸಿದ್ದಾರೆ. ನಾಲ್ಕು ಸಹಸ್ರ ವರ್ಷಗಳ ಹಿಂದೆ ಹೊಲವನ್ನು ಸೇರದೆ ಹೋದುದು ಹೀಗೆ ಹೊಲವನ್ನು ಸೇರಿತು. ರೈತರ ಯುಕ್ತಿಯನ್ನು ಹಳಿಯಲಾಗದು. ಆದರೆ ಒಂದು ಬೆಳೆಗೆ ಒದಗಿದ ಆ ಬೂದಿಯೊಡನೆ ಚರಿತ್ರೆಯ ಒಂದು ಪುಟವೂ ಉತ್ತುಹೋಗುತ್ತದೆ. ಉಳಿದಿರುವ ದಿಬ್ಬಗಳನ್ನು ಗುರುತಿಸಿ ಕಾಪಾಡುವುದು ವಿದ್ವಾಂಸರ ಮೇಲಿರುವ ಋಣ.