ಹಳೇ ಬೆಳ್ಳಿ ರೂಪಾಯಿ ಕಪ್ಪಾಗಿದ್ಯಾ? ಹುಣಸೆಹಣ್ಣು ಹಚ್ಚೋ ಮುನ್ನ ಇದನ್ನು ಓದಿ

ವರಮಹಾಲಕ್ಷ್ಮಿ ಹಬ್ಬ, ದೀಪಾವಳಿ ಬಂತೆಂದರೆ ಪೆಟ್ಟಿಗೆಯಲ್ಲಿದ್ದ ರಾಣಿ ಛಾಪಿನ ರೂಪಾಯಿಗಳು ಪೂಜೆಗೆ ಹೊರಬರುತ್ತವೆ. ಕಪ್ಪಾಗಿದ್ದರೆ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹೀಗೆ ಕೈಗೆ ಸಿಕ್ಕಿದ್ದನ್ನು ಹಾಕಿ ಉಜ್ಜೋದು ರೂಢಿ. ಮುಂದೆ ಮಾರುವ ಯೋಚನೆ ಇದ್ದರೆ ಮಾತ್ರ ಉಜ್ಜಲೇಬೇಡಿ. ತಿಕ್ಕಿ ಹೊಳಪು ಬರಿಸಿದ ನಾಣ್ಯವನ್ನು ಸಂಗ್ರಾಹಕರು ನೋಡಿದ ಕೂಡಲೇ ಗುರುತು ಹಿಡೀತಾರೆ. ಆಮೇಲೆ ಸಿಗೋದು ಬೆಳ್ಳಿ ತೂಕದ ದುಡ್ಡಷ್ಟೇ.

ಆ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆಗುವ ಸಿಲ್ವರ್ ಸಲ್ಫೈಡ್ ಪದರ. ತಿಕ್ಕಿದರೆ ಅದರ ಜೊತೆ ಬೆಳ್ಳಿಯೂ ಸವೆಯುತ್ತೆ, ಬಿದ್ದ ಗೀರು ಮತ್ತೆ ಹೋಗಲ್ಲ.

1911ರ ಐದನೇ ಜಾರ್ಜ್ ರೂಪಾಯಿಯನ್ನೇ ನೋಡಿ. ರಾಜನ ನಿಲುವಂಗಿ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಆಕ್ಷೇಪ ಬಂದು, 1912ರಲ್ಲಿ ಅಚ್ಚು ತಿದ್ದಿದರು. ಈಗಲೂ ಬಲ್ಲವರು ಭೂತಗನ್ನಡಿ ಹಿಡಿದು ಮೊದಲು ಹುಡುಕೋದು ಆ ಆನೆಯನ್ನೇ. ಅದನ್ನೇ ಬೂದಿ ಹಾಕಿ ಸವೆಸಿಬಿಟ್ಟರೆ ತೋರಿಸೋಕೆ ಏನಿರುತ್ತೆ?

ಕುಂಕುಮ, ಎಣ್ಣೆ ಜಿಡ್ಡು ಅಂಟಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಸಿ. ಆಮೇಲೆ ಚೆನ್ನಾಗಿ ತೊಳೆದು ಮೆತ್ತನೆ ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿ. ಒರೆಸಬೇಡಿ. ಕಪ್ಪು ಹಾಗೇ ಇರಲಿ.

ಮಾರುವ ಮಾತೇ ಇಲ್ಲ, ಪೂಜೆಗೆ ಮಾತ್ರ ಅನ್ನೋರಿಗೆ ಇನ್ನೊಂದು ದಾರಿಯಿದೆ. ಪಿಂಗಾಣಿ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ, ನಾಣ್ಯ ಫಾಯಿಲ್‌ಗೆ ತಾಗುವಂತೆ ಕೆಲ ನಿಮಿಷ ಇಡಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಬರಿ ಬೇಡ, ಅದು ಗಂಧಕದ್ದೇ. ಉಜ್ಜೋದಕ್ಕಿಂತ ಇದು ಎಷ್ಟೋ ವಾಸಿ, ಆದರೆ ಹಳೇ ಬಣ್ಣ ಪೂರ್ತಿ ಹೋಗುತ್ತೆ.

ಮೊದಲು ಬೆಳ್ಳಿ ಹೌದೋ ಅಲ್ಲವೋ ನೋಡಿಕೊಳ್ಳಿ. ವಿಕ್ಟೋರಿಯಾದಿಂದ ಐದನೇ ಜಾರ್ಜ್‌ವರೆಗಿನ ರೂಪಾಯಿ 11.66 ಗ್ರಾಂ, ಶೇ 91.7ರಷ್ಟು ಬೆಳ್ಳಿ. 1940ರ ದಶಕದ ಯುದ್ಧಕಾಲದ್ದರಲ್ಲಿ ಅರ್ಧ ಮಾತ್ರ. 1947ರದ್ದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತೆ.

ನಾಣ್ಯಗಳಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲೂ ಗಂಧಕ ಇರುತ್ತೆ. ಮೆತ್ತನೆ ಪಿವಿಸಿ ಕವರ್‌ನಲ್ಲಿಟ್ಟರೆ ವರ್ಷ ಕಳೆದಂತೆ ಹಸಿರು ಅಂಟು ಕೂರುತ್ತದೆ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯದ ಗಡಿಗೆ ಸಿಕ್ಕರೆ ತೊಳೆಯೋಕೂ ಹೋಗಬೇಡಿ. ನಿಧಿ ಕಾಯ್ದೆ ಪ್ರಕಾರ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು.