ತಂಪನ್ನು ಕಟ್ಟಿ ಕಳಿಸುವ ವಿದ್ಯೆ

ಚಿತ್ರದುರ್ಗದ ಬಿಸಿಲು ಎಂಥದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೆಳೆಯುವುದೊಂದು ಕಷ್ಟವಾದರೆ, ಬೆಳೆದದ್ದನ್ನು ಬಾಡದಂತೆ ಪೇಟೆ ಮುಟ್ಟಿಸುವುದು ಇನ್ನೊಂದು ಕಷ್ಟ. ಹಿರಿಯೂರಿನ ಸೇವಂತಿಗೆ, ಹೊಸದುರ್ಗದ ದಾಳಿಂಬೆ, ಹೊಳಲ್ಕೆರೆಯ ಅಡಕೆ ತೋಟಗಳ ವೀಳ್ಯದೆಲೆ ಎಲ್ಲವೂ ಕಾಯಲಾರದ ಸರಕು. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ಆ ದಾರಿಯಲ್ಲಿ ಬಾಡಿದ ಮಾಲಿಗೆ ಬೆಲೆ ಇಳಿದರೆ ನಷ್ಟ ಬಹುಮಟ್ಟಿಗೆ ಬೆಳೆದವನದೇ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಸರಳ. ವೀಳ್ಯದೆಲೆಯ ಕಟ್ಟುಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ, ಬುಟ್ಟಿಗೆ ತುಂಬಿ, ಮೇಲೆ ನೀರು ಚಿಮುಕಿಸುವುದು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣದಿಂದ.

ದೂರದ ಪಯಣಕ್ಕೆ ಮಂಜುಗಡ್ಡೆಯೇ ಬೇಕಾಯಿತು. ಅದರ ಕಥೆ ಸ್ವಾರಸ್ಯವಾಗಿದೆ. 1833ರಲ್ಲಿ ಅಮೆರಿಕದ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಬಾಸ್ಟನ್ನಿನಿಂದ ಕಲ್ಕತ್ತೆಗೆ 'ಟಸ್ಕನಿ' ಎಂಬ ಹಡಗಿನಲ್ಲಿ 180 ಟನ್ ಮಂಜುಗಡ್ಡೆ ಕಳಿಸಿದ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳಿಂದ ಕೊಯ್ದ ಗಡ್ಡೆ ಅದು. ನಾಲ್ಕು ತಿಂಗಳು ಕಳೆದು ಹಡಗು ದಡ ಸೇರಿದಾಗ ಸುಮಾರು 100 ಟನ್ ಇನ್ನೂ ಉಳಿದಿತ್ತು! ಕಾಪಾಡಿದ್ದು ಯಂತ್ರವಲ್ಲ, ಗಡ್ಡೆಯನ್ನು ಒತ್ತಾಗಿ ಜೋಡಿಸಿ ಶಾಖ ತಾಗದಂತೆ ಮುಚ್ಚಿದ ಜಾಣತನ. ಮದರಾಸಿನಲ್ಲಿ ಈ ವ್ಯಾಪಾರಕ್ಕೆಂದು ಕಟ್ಟಿದ 'ಐಸ್ ಹೌಸ್' ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು.

ಮರದ ಹೊಟ್ಟು, ಭತ್ತದ ಹೊಟ್ಟುಗಳ ಒಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಇಂದಿನ ಥರ್ಮೊಕೋಲ್ ಪೆಟ್ಟಿಗೆಯ ಗುಟ್ಟೂ ಇದೇ. ಅದರಲ್ಲಿ ಬಹುಪಾಲು ಇರುವುದು ಗಾಳಿ. ಇನ್ನು ಒಂದು ಕಿಲೋ ಮಂಜುಗಡ್ಡೆ ಕರಗಲು ಬೇಕಾದ ಶಾಖದಿಂದ, ಸೊನ್ನೆ ಡಿಗ್ರಿಯಲ್ಲಿರುವ ಅಷ್ಟೇ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. ಆದ್ದರಿಂದಲೇ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದಂಥ ಜಲಾಶಯಗಳ ಮೀನನ್ನು ಪುಡಿ ಮಾಡಿದ ಐಸಿನ ನಡುವೆ ಪದರ ಪದರವಾಗಿ ಇಡುತ್ತಾರೆ. ಬೇಸಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂಬುದು ಲೆಕ್ಕ.

ಆದರೆ ಪೆಟ್ಟಿಗೆ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿದ್ದುದನ್ನು ಕಾಯುತ್ತದೆ, ಅಷ್ಟೆ. ತಂಪು ತುಂಬಿದರೆ ತಂಪನ್ನು ಕಾಯುತ್ತದೆ, ಬಿಸಿ ತುಂಬಿದರೆ ಬಿಸಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಮಟಮಟ ಮಧ್ಯಾಹ್ನ ಕಿತ್ತ ಹಣ್ಣನ್ನು ಆಗಲೇ ತುಂಬಿ ಮುಚ್ಚಿದರೆ ಹೊಲದ ಬಿಸಿಲನ್ನೂ ಜೊತೆಗೆ ಕಟ್ಟಿ ಕಳಿಸಿದಂತೆ. ಕಿತ್ತ ಮೇಲೂ ಹಣ್ಣು, ಹೂ, ಎಲೆಗಳು ಉಸಿರಾಡುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು-ಮೂರು ಪಟ್ಟಾಗುತ್ತದೆ. ಉಸಿರಾಟದಿಂದ ಮತ್ತೆ ಶಾಖ ಹುಟ್ಟುತ್ತದೆ.

ಈ ಸತ್ಯವನ್ನು ಚೆನ್ನಾಗಿ ಬಳಸಿಕೊಂಡದ್ದು ಹಾಲಿನವರು. ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಅದನ್ನು ಬೇಗನೆ 4 ಡಿಗ್ರಿಗೆ ಇಳಿಸಿದರೆ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಧಾನವಾಗುತ್ತದೆ. 1970ರಲ್ಲಿ ಆರಂಭವಾದ 'ಆಪರೇಷನ್ ಫ್ಲಡ್' ಹಾಲು ಸಹಕಾರ ಸಂಘಗಳನ್ನು ಶೀತಲೀಕರಣ ಕೇಂದ್ರಗಳಿಗೆ ಜೋಡಿಸಿತು. ಆಮೇಲೆ ಹಳ್ಳಿಗಳಿಗೇ ದೊಡ್ಡ ಕೂಲರ್‌ಗಳು ಬಂದವು. ಚಿತ್ರದುರ್ಗ ಜಿಲ್ಲೆಯ ಸಂಘಗಳು ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಸೇರಿವೆ. ರಸ್ತೆಯಲ್ಲಿ ಕಾಣುವ ಹಾಲಿನ ಟ್ಯಾಂಕರಿಗೆ ಸಾಮಾನ್ಯವಾಗಿ ತಂಪು ಮಾಡುವ ಯಂತ್ರವೇ ಇರುವುದಿಲ್ಲ. ಶಾಖ ತಡೆಯುವ ದಪ್ಪ ಹೊದಿಕೆ ಮಾತ್ರ. ಹೊರಡುವ ಮುಂಚೆಯೇ ತಣಿದ ಹಾಲಿಗೆ ಅಷ್ಟು ಸಾಕು.

ಹಣ್ಣು-ಹೂವಿಗೂ ಈ ಕ್ರಮವೇ ಬೇಕು. ನಸುಕಿನಲ್ಲಿ ಕೊಯ್ದು, ನೆರಳಿನಲ್ಲಿ ಆರಿಸಿ, ತಣಿಸಿ, ಆಮೇಲೆ ತುಂಬಬೇಕು. ಅತಿ ತಂಪೂ ಒಳ್ಳೆಯದಲ್ಲ: ಬಾಳೆಹಣ್ಣಿನ ಸಿಪ್ಪೆ 13 ಡಿಗ್ರಿಗಿಂತ ಕೆಳಗೆ ಕಪ್ಪಾಗತೊಡಗುತ್ತದೆ, ದಾಳಿಂಬೆ 5 ಡಿಗ್ರಿಗಿಂತ ಕೆಳಗೆ ಬಹುಕಾಲ ತಾಳದು. ಶೀತಲ ಗೃಹಗಳು ಪೇಟೆಯಲ್ಲಿದ್ದರೆ ಹೆಚ್ಚಾಗಿ ಕೊಂಡವನಿಗೆ ಅನುಕೂಲ. ಹೊಲದ ಹತ್ತಿರವಿದ್ದರೆ ಬೆಳೆದವನಿಗೆ. ಸರಕಿನ ಆಯುಷ್ಯ ಬಹುಮಟ್ಟಿಗೆ ತೀರ್ಮಾನವಾಗುವುದು ಲಾರಿ ಹೊರಡುವ ಮೊದಲೇ.