ಸೋಡಾ ಬುಡ್ಡಿ ಕನ್ನಡಕ ಮತ್ತು ಕಾಲು ಕೆಜಿ ಕಸ

ಇವತ್ತಿನ ಕಥೆ ಶುರುವಾಗೋದು ನಮ್ಮ ಅಜ್ಜಿಯ ಕನ್ನಡಕದಿಂದ. ಹಾವೇರಿ ಕಡೆಯ ಹಳ್ಳಿ. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದ್ದು ಒಂದು ಶಿಬಿರದಲ್ಲಿ. ಯಾರು ನಡೆಸಿದ್ದು ಅಂತ ಮನೆಯಲ್ಲಿ ಈಗ ಯಾರಿಗೂ ನೆನಪಿಲ್ಲ. ನೆನಪಿರೋದು ಆ ಸೋಡಾ ಬುಡ್ಡಿ ಕನ್ನಡಕ ಮಾತ್ರ. ಅದರ ಹಿಂದೆ ಅಜ್ಜಿಯ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣ್ತಿತ್ತು. ಒಂದು ದಿನ ಹಿತ್ತಲಲ್ಲಿ ಜಾರಿ ಬಿದ್ದಾಗ ಗಾಜು ಒಡೆಯಿತು. 'ನನ್ನ ಕಣ್ಣ ಒಡದ್ವು ನೋಡಪ' ಅಂದಳು. ಹೊಸದು ಬರುವವರೆಗೆ, ಸುಮಾರು ಎರಡು ತಿಂಗಳು, ಅಜ್ಜಿ ಗೋಡೆ ಹಿಡಿದೇ ಓಡಾಡಿದ್ದು.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಆಗಿನ ಆಪರೇಷನ್‌ನಲ್ಲಿ ಮಂಜಾದ ಮಸೂರವನ್ನು ಇಡಿಯಾಗಿ ತೆಗೆದುಬಿಡ್ತಿದ್ದರು, ಬದಲಿಗೆ ಒಳಗೆ ಏನೂ ಇಡ್ತಿರಲಿಲ್ಲ. ಆ ದಪ್ಪ ಗಾಜೇ ಮಸೂರ. ಅದು ಒಡೆದರೆ ಮತ್ತೆ ಕುರುಡು. ಆದರೆ ಶಿಬಿರದ ರಿಜಿಸ್ಟರ್‌ನಲ್ಲಿ ಅಜ್ಜಿಯ ಹೆಸರಿನ ಮುಂದೆ 'ಯಶಸ್ವಿ' ಅಂತಲೇ ಇದ್ದಿರಬೇಕು.

ಶಿಬಿರಗಳನ್ನು ಹಗುರವಾಗಿ ಕಾಣೋಕೆ ಇದನ್ನು ಹೇಳ್ತಿಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿ 1943ರಿಂದ ಹಳ್ಳಿ ಹಳ್ಳಿ ಸುತ್ತಿದವರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ. 1993ರ ಹೊತ್ತಿಗೆ ಅವರು ಮಾಡಿದ ಆಪರೇಷನ್‌ಗಳ ಸಂಖ್ಯೆ 6 ಲಕ್ಷ ದಾಟಿತ್ತು. ಆಸ್ಪತ್ರೆಯೇ ಇಲ್ಲದ ಕಡೆ ಡಾಕ್ಟರೇ ಬಾಗಿಲಿಗೆ ಬರೋದು ಅಂದರೆ ಸಣ್ಣ ಮಾತಲ್ಲ. ಆದರೆ ಆ ಕಾಲದ ಲೆಕ್ಕದ ಪ್ರಶ್ನೆ ಒಂದೇ: ಎಷ್ಟು ಜನಕ್ಕೆ ಆಯ್ತು?

ಈಗ ಮದುರೈಗೆ ಹೋಗೋಣ. 1976. ಸರ್ಕಾರಿ ಕೆಲಸದಿಂದ 58ಕ್ಕೆ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳ ಒಂದು ಕಣ್ಣಾಸ್ಪತ್ರೆ ಶುರು ಮಾಡ್ತಾರೆ. ಹೆಸರು ಅರವಿಂದ. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು, ಅದೇ ಬೆರಳುಗಳಲ್ಲಿ ಕತ್ತಿ ಹಿಡಿಯೋದನ್ನು ಮತ್ತೆ ಕಲಿತವರು. ದುಡ್ಡು ಕೊಡಬಲ್ಲವರು ಕೊಡಲಿ, ಆಗದವರಿಗೂ ಅದೇ ಚಿಕಿತ್ಸೆ ಸಿಗಲಿ ಅನ್ನೋದು ಅಲ್ಲಿನ ಪದ್ಧತಿ. ಹಾಗೆ ನಡೆಸಬೇಕಾದರೆ ಒಂದು ನಿಮಿಷವೂ, ಒಂದು ತುಂಡು ಹತ್ತಿಯೂ ಪೋಲಾಗಬಾರದು.

ಆಪರೇಷನ್ ಕೋಣೆಯಲ್ಲಿ ಅಕ್ಕಪಕ್ಕ ಟೇಬಲ್. ಒಬ್ಬರದ್ದು ಮುಗಿಯುತ್ತಿದ್ದ ಹಾಗೆ ಸರ್ಜನ್ ಮೈಕ್ರೋಸ್ಕೋಪನ್ನು ಪಕ್ಕಕ್ಕೆ ತಿರುಗಿಸ್ತಾರೆ, ಅಲ್ಲಿ ಮುಂದಿನ ರೋಗಿ ರೆಡಿ. ರೋಗಿಯನ್ನು ಸಿದ್ಧಪಡಿಸುವ ಕೆಲಸವೆಲ್ಲ ಹಳ್ಳಿಗಳಿಂದ ಬಂದು, ಅಲ್ಲೇ ಎರಡು ವರ್ಷ ತರಬೇತಿ ಪಡೆದ ಹೆಣ್ಣುಮಕ್ಕಳದ್ದು. ಉಪಕರಣಗಳನ್ನು ಬಿಸಾಡಲ್ಲ, ಸ್ಟೆರಿಲೈಸ್ ಮಾಡಿ ಮತ್ತೆ ಬಳಸ್ತಾರೆ. ಒಂದೇ ಬಾಟಲಿಯ ಡ್ರಾಪ್ಸ್ ಹಲವರಿಗೆ. 1992ರಲ್ಲಿ ಆರೋಲ್ಯಾಬ್ ಅಂತ ಸ್ವಂತ ಕಾರ್ಖಾನೆಯೂ ಬಂತು. ಆಮದಾದರೆ 100 ಡಾಲರ್ ಆಸುಪಾಸು ಇದ್ದ ಕೃತಕ ಲೆನ್ಸ್, ಇಲ್ಲಿ ತಯಾರಾಗಿ 10 ಡಾಲರ್ ಮಟ್ಟಕ್ಕೆ ಇಳಿಯಿತು. ಬಡವರ ಕಣ್ಣೊಳಗೂ ಲೆನ್ಸ್ ಕೂರಿಸೋದು ಸಾಧ್ಯವಾಯ್ತು. ನಮ್ಮ ಅಜ್ಜಿ ಒಂದಿಷ್ಟು ವರ್ಷ ತಡವಾಗಿ ಹುಟ್ಟಬೇಕಿತ್ತು ಅನಿಸುತ್ತೆ.

ಇದರಲ್ಲಿ ಪರಿಸರ ಎಲ್ಲಿ ಬಂತು ಅಂತೀರಾ? ಅವರ ಉದ್ದೇಶದಲ್ಲಿ ಅದು ಇರಲಿಲ್ಲ, ಉಳಿತಾಯ ಇತ್ತು. ಆದರೆ 2017ರಲ್ಲಿ ಸಂಶೋಧಕರು ಅಲ್ಲಿಯ ಕಸವನ್ನು ತೂಗಿ ನೋಡಿದರು. ಫೇಕೋ ವಿಧಾನದ ಒಂದು ಆಪರೇಷನ್‌ಗೆ ಕಾಲು ಕೆಜಿ ಕಸ. ವಾತಾವರಣಕ್ಕೆ ಸೇರುವ ಹಸಿರುಮನೆ ಅನಿಲ ಸುಮಾರು 6 ಕೆಜಿ. ಅದೇ ಆಪರೇಷನ್‌ಗೆ ಬ್ರಿಟನ್‌ನಲ್ಲಿ ಆಗುವುದರ ಶೇ 5 ಅಷ್ಟೇ! ದೃಷ್ಟಿ ಮರಳುವ ಫಲಿತಾಂಶ ಮಾತ್ರ ಹೋಲಿಸಬಹುದಾದಷ್ಟೇ ಚೆನ್ನಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 'ನಮ್ಮ ಹಳೇ ಪದ್ಧತಿನೇ ಬೆಸ್ಟ್' ಅಂತ ಎದೆ ತಟ್ಟಿಕೊಳ್ಳೋ ಕಥೆ ಇದಲ್ಲ. ಶಿಬಿರಗಳಲ್ಲಿ ಸೋಂಕು ತಗುಲಿ ಕಣ್ಣೇ ಕಳೆದುಕೊಂಡವರ ಸುದ್ದಿ ನಮ್ಮ ದೇಶದಲ್ಲಿ ಎಷ್ಟು ಸಲ ಬಂದಿಲ್ಲ! ಒಂದೇ ಸಲ ಬಳಸಿ ಬಿಸಾಡಿ ಅನ್ನೋ ನಿಯಮದ ಹಿಂದೆ ಇರೋದು ಅದೇ ಭಯ. ಅರವಿಂದದ ಮಿತವ್ಯಯವನ್ನು ನಾನು ನಂಬೋದು ಅವರು ಸೋಂಕಿನ ಲೆಕ್ಕವನ್ನೂ ಇಟ್ಟಿದ್ದಕ್ಕೆ. 6 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ದಾಖಲೆ ಪರಿಶೀಲಿಸಿದಾಗ, ಕಣ್ಣೊಳಗೆ ಆ್ಯಂಟಿಬಯೋಟಿಕ್ ಹಾಕದೆ ಇದ್ದಾಗ ಗಂಭೀರ ಸೋಂಕು 10 ಸಾವಿರಕ್ಕೆ 7, ಹಾಕಿದಾಗ 2. ಈ ಲೆಕ್ಕ ಇಲ್ಲದೆ ಡ್ರಾಪ್ಸ್ ಬಾಟಲಿ ಹಂಚಿಕೊಂಡಿದ್ದರೆ ಅದನ್ನು ಬೇಜವಾಬ್ದಾರಿ ಅಂತಲೇ ಕರೀತಿದ್ದೆ.

ಹೀಗೆ ಎಲ್ಲವನ್ನೂ ಒಟ್ಟಿಗೆ ಅಳೆಯೋದಕ್ಕೆ ಒಂದು ಸೂತ್ರ ಬಂದಿದ್ದು ಇಂಗ್ಲೆಂಡಿನಿಂದ. 2018ರಲ್ಲಿ ಡಾ. ಫ್ರಾನ್ಸಿಸ್ ಮಾರ್ಟಿಮರ್ ಮತ್ತವರ ಸಹೋದ್ಯೋಗಿಗಳು ಆಸ್ಪತ್ರೆಯ ಗುಣಮಟ್ಟವನ್ನು ಒಂದು ಭಿನ್ನರಾಶಿಯ ಹಾಗೆ ಬರೆದರು. ಮೇಲೆ, ರೋಗಿಗೂ ಊರಿಗೂ ಆದ ಒಳ್ಳೆಯದು. ಕೆಳಗೆ, ಅದಕ್ಕೆ ತೆತ್ತ ಬೆಲೆ: ದುಡ್ಡು ಮಾತ್ರ ಅಲ್ಲ, ಪರಿಸರಕ್ಕೆ ಆದದ್ದು, ಜನರ ಬದುಕಿಗೆ ಆದದ್ದು. ಚಿಕಿತ್ಸೆಗಾಗಿ ಕೂಲಿ ಬಿಟ್ಟು ಎರಡು ಬಸ್ ಬದಲಿಸಿ ಬರೋ ಮಗನ ಆ ದಿನವೂ ಅದರಲ್ಲಿ ಸೇರುತ್ತೆ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಆರೋಗ್ಯ ಕ್ಷೇತ್ರದ ಪಾಲು ಶೇ 4.4 ಅಂತ 2019ರ ಒಂದು ಅಂದಾಜು ಹೇಳಿತು. 2020ರಲ್ಲಿ ಬ್ರಿಟನ್ನಿನ ಎನ್‌ಎಚ್‌ಎಸ್ ನೆಟ್ ಝೀರೋ ಗುರಿ ಹಾಕಿಕೊಂಡಿತು. 2022ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರುಗಳ ಸಂಘಗಳೇ, ಸರಿಯಾದ ಎಚ್ಚರ ವಹಿಸಿದರೆ ಒಂದು ಬಾಟಲಿ ಡ್ರಾಪ್ಸ್ ಹಲವರಿಗೆ ಬಳಸಬಹುದು ಅಂದವು. ಮದುರೈಯವರು ಓದಿ ನಕ್ಕಿರಬೇಕು.

ಈಚೆಗೆ ಅಪ್ಪನಿಗೂ ಪೊರೆ ಆಪರೇಷನ್ ಆಯ್ತು, ನಗರದ ಒಂದು ಹೊಳೆಯುವ ಆಸ್ಪತ್ರೆಯಲ್ಲಿ. ಮರುದಿನವೇ ಪೇಪರ್ ಓದಿದರು, ಕನ್ನಡಕವಿಲ್ಲದೆ. ಆ ಖುಷಿಗೆ ಬೆಲೆ ಕಟ್ಟೋಕಾಗಲ್ಲ. ಬಿಲ್‌ನಲ್ಲಿ 'ಡಿಸ್ಪೋಸಬಲ್ ಕಿಟ್' ಅಂತ ಒಂದು ಸಾಲಿತ್ತು. ಅದರಲ್ಲಿ ಏನೇನಿತ್ತು, ಎಷ್ಟು ಬಳಕೆಯಾಯ್ತು ಅಂತ ಕೌಂಟರ್‌ನಲ್ಲಿ ಕೇಳಿದೆ. 'ಸರ್, ಅದನ್ನ ಇಲ್ಲಿವರೆಗೆ ಯಾರೂ ಕೇಳಿಲ್ಲ' ಅಂದರು ಆ ಹುಡುಗಿ, ನಗ್ತಾ, ಪ್ರಾಮಾಣಿಕವಾಗಿ.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಸೋಡಾ ಬುಡ್ಡಿ ಕನ್ನಡಕ ಇದ್ದರೆ ಅದರ ಕಥೆಯನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ.